ಗಣಕಯಂತ್ರದ ಭಂಡಾರ ಮತ್ತು ಗೃಹಸ್ಥನ ಕೀಲಿಕೈ

ಹಣವನ್ನು ಗಳಿಸುವದು ಕಷ್ಟ, ಗಳಿಸಿದ್ದನ್ನು ಕಾಯುವದು ಅದಕ್ಕಿಂತ ಕಷ್ಟ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಹಿಂದಿನ ಕಾಲದಲ್ಲಿ ಕಾಯುವ ಸಾಧನಗಳು ಕಣ್ಣಿಗೆ ಕಾಣುವಂಥವಾಗಿದ್ದವು. ಗೋಡೆಯಲ್ಲಿ ಹುದುಗಿಸಿದ ತಿಜೋರಿ, ಅದಕ್ಕೊಂದು ಕಬ್ಬಿಣದ ಬೀಗ, ಆ ಬೀಗದ ಕೀಲಿಕೈ ಅಜ್ಜಿಯ ಸೊಂಟದಲ್ಲಿ. ಈಗಿನ ಗೃಹಸ್ಥನ ಹಣವಾದರೋ ಅವನು ಎಂದೂ ಕಾಣದ ಊರಿನಲ್ಲಿ, ಎಂದೂ ಮುಟ್ಟದ ಯಂತ್ರದೊಳಗೆ, ಬರಿಯ ಅಂಕೆಗಳ ರೂಪದಿಂದ ಇರುವದು. ಆ ಯಂತ್ರಕ್ಕೆ ಬೀಗವುಂಟೇ? ಉಂಟಾದರೆ ಅದು ಎಂಥದು? ಅದರ ಕೀಲಿಕೈ ಯಾರ ಹತ್ತಿರ ಇರುವದು? ಈ ಪ್ರಶ್ನೆಗಳನ್ನು ನಾನು ಅರವತ್ತು ವರುಷ ಕೇಳಿಕೊಂಡಿರಲಿಲ್ಲ. ಕಳೆದ ವರುಷ ಕೇಳಿಕೊಳ್ಳುವ ಪ್ರಸಂಗ ಒದಗಿತು. ಆ ಪ್ರಸಂಗವು ನನಗೆ ಹೆಮ್ಮೆ ತರುವಂಥದಲ್ಲ; ಆದರೂ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತಿರುವೆನು.

ಅಂದು ಬೆಳಗಿನ ಹೊತ್ತು ಕೆಲಗೇರಿಯ ಕೆರೆಯ ಕಡೆಗೆ ಅಡ್ಡಾಡಿ ಮನೆಗೆ ಬಂದು ಚಹಾ ಕುಡಿಯುತ್ತ ಕುಳಿತಿದ್ದೆನು. ದೂರವಾಣಿಯಲ್ಲಿ ಅಪರಿಚಿತ ಧ್ವನಿಯೊಂದು ಬಹು ವಿನಯದಿಂದ ಮಾತನಾಡಿತು. ನನ್ನ ಖಾತೆಯ ಕಾಗದಪತ್ರಗಳ ಅವಧಿ ಮುಗಿದಿರುವದೆಂದೂ, ಸಂಜೆಯೊಳಗಾಗಿ ಸರಿಪಡಿಸದಿದ್ದರೆ ನಿವೃತ್ತಿವೇತನ ನಿಂತುಹೋಗುವದೆಂದೂ ತಿಳಿಸಿತು. ಕಾರ್ಡಿನ ಮೇಲಿನ ಸಂಖ್ಯೆಯನ್ನು ಕೇಳಿತು, ಹೇಳಿದೆನು. ಆಮೇಲೆ, ಈಗ ಬಂದ ಆರು ಅಂಕೆಗಳನ್ನು ಓದಿರಿ ಎಂದಿತು. ಮೂವತ್ತು ವರುಷಗಳಿಗಿಂತ ಹೆಚ್ಚು ಕಾಲ ಹುಡುಗರಿಂದ ಪಾಠ ಓದಿಸಿದ ನಾನು ಅಂದು ತಾನೇ ಹುಡುಗನಂತೆ ಗಟ್ಟಿಯಾಗಿ ಓದಿದೆನು. ಚಹಾ ಆರುವದರೊಳಗಾಗಿ ೪೦,೦೦೦ ರೂಪಾಯಿ ಖಾತೆಯಿಂದ ಹೊರಟುಹೋಗಿತ್ತು.

ನನ್ನ ಸಿಟ್ಟೆಲ್ಲ ಬ್ಯಾಂಕಿನ ಯಂತ್ರದ ಮೇಲೆ. ಇಷ್ಟು ಸುಲಭವಾಗಿ ಮುರಿಯುವ ಬೀಗವನ್ನು ನಂಬಿ ಜನರು ಹಣವನ್ನು ಹೇಗೆ ಇಡಬೇಕೆಂದು ಬಂದವರ ಮುಂದೆಲ್ಲ ದೂರತೊಡಗಿದೆನು. ಗಣೇಶನ ಹಬ್ಬಕ್ಕೆ ಬೆಂಗಳೂರಿನಿಂದ ನನ್ನ ತಂಗಿಯ ಮಗ ಬಂದನು. ಅವನು ಪರದೇಶದ ಬ್ಯಾಂಕುಗಳ ದೊಡ್ಡ ಗಣಕಯಂತ್ರಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ಕೆಲಸದಲ್ಲಿರುವನು. ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಮಾಮಾ, ಬ್ಯಾಂಕಿನ ಬೀಗ ಯಾರೂ ಮುರದಿಲ್ಲರಿ. ಕೀಲಿಕೈ ನೀವ ಕೊಟ್ಟೀರಿ," ಎಂದನು. ಮಾತು ಕಹಿಯಾಗಿತ್ತು. ಆದರೆ ಬೀಗವೆಂದರೇನು ಎಂಬದನ್ನು ತಿಳಿಯದೆ ವಾದಿಸುವದು ಮಾಸ್ತರನಿಗೆ ಒಪ್ಪುವದಿಲ್ಲ. ಹಬ್ಬದ ಆ ಮೂರು ದಿನ ಅವನು ಗುರು, ನಾನು ಶಿಷ್ಯ. ಅವನಿಂದ ಕೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಕೂಡಿಸಿ ಇಲ್ಲಿ ನಿವೇದಿಸುವೆನು.

ಮಹಾಗಣಕ ಯಂತ್ರ

ನಮ್ಮ ಮನೆಗಳಲ್ಲಿರುವ ಗಣಕಯಂತ್ರವು ಒಬ್ಬನ ಕೆಲಸಕ್ಕಾಗಿ ಇರುವದು. ಏಕಕಾಲಕ್ಕೆ ಲಕ್ಷಾವಧಿ ಜನರ ಲೆಕ್ಕಗಳನ್ನು ತಪ್ಪಿಲ್ಲದೆ, ಹಗಲಿರುಳು ನಿಲ್ಲದೆ ನೋಡಿಕೊಳ್ಳುವ ಯಂತ್ರಕ್ಕೆ ಮೇನ್‌ಫ್ರೇಮ್ ಎಂದು ಹೆಸರು. ಐಬಿಎಂ ಎಂಬ ಅಮೇರಿಕದ ಸಂಸ್ಥೆಯು ೧೯೬೪ನೆಯ ಎಪ್ರಿಲ್ ತಿಂಗಳಲ್ಲಿ 'ಸಿಸ್ಟಮ್ ೩೬೦' ಎಂಬ ಯಂತ್ರಮಾಲೆಯನ್ನು ಪ್ರಕಟಿಸಿದಂದಿನಿಂದ ಈ ವಂಶವು ಬೆಳೆಯುತ್ತ ಬಂದಿರುವದು. ಆ ಮಾಲೆಯ ಯಂತ್ರವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ೧೯೭೦ರ ದಶಕದಲ್ಲಿ ಕೆಲಸ ಮಾಡಿತು. ೧೯೭೮ರಲ್ಲಿ ಐಬಿಎಂ ನಮ್ಮ ದೇಶವನ್ನು ಬಿಟ್ಟುಹೋಯಿತು. ೧೯೯೨ರಲ್ಲಿ ಟಾಟಾ ಸಂಸ್ಥೆಯೊಡನೆ ಕೂಡಿ ಬೆಂಗಳೂರಿಗೆ ಮರಳಿ ಬಂದಿತು. ಇಂದು ಇಂಥ ಯಂತ್ರಗಳ ರಚನೆಯ ಕೆಲಸದಲ್ಲಿ ಬೆಂಗಳೂರಿನ ಪ್ರಯೋಗಶಾಲೆಗೂ ಪಾಲುಂಟು.

ನಮ್ಮ ದೇಶದ ಬ್ಯಾಂಕುಗಳೆಲ್ಲ ಈ ಮೇನ್‌ಫ್ರೇಮನ್ನೇ ಬಳಸುವವೆಂದು ತಿಳಿಯಬಾರದು. ಅನೇಕ ಬ್ಯಾಂಕುಗಳು ಬೇರೆ ಬಗೆಯ ಯಂತ್ರಗಳಿಂದ ಕೆಲಸ ಸಾಗಿಸುವವು. ಆದರೆ ಲೆಕ್ಕವನ್ನು ಮಡಿಸುವ ಮತ್ತು ಬಚ್ಚಿಡುವ ತತ್ತ್ವಗಳು ಎಲ್ಲಿಯೂ ಒಂದೇ. ಮೇನ್‌ಫ್ರೇಮಿನಲ್ಲಿ ಅವು ಅತ್ಯಂತ ಸ್ಪಷ್ಟವಾಗಿ ಕಾಣುವವು.

ಲಘು ಗುರುಗಳ ಭಾಷೆ

ಯಂತ್ರಕ್ಕೆ ಎರಡೇ ಅಕ್ಷರ ಗೊತ್ತು: ಸೊನ್ನೆ ಮತ್ತು ಒಂದು. ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಛಂದಶ್ಶಾಸ್ತ್ರವೂ ಎರಡೇ ಗುರುತುಗಳ ಮೇಲೆ ನಿಂತಿರುವದು: ಲಘು ಮತ್ತು ಗುರು. ಒಂದು ಅಕ್ಷರದ ಸ್ಥಾನದಲ್ಲಿ ಎರಡು ಬಗೆ, ಎರಡು ಸ್ಥಾನಗಳಲ್ಲಿ ನಾಲ್ಕು, ಮೂರರಲ್ಲಿ ಎಂಟು. ಹೀಗೆ ಸ್ಥಾನವೊಂದು ಹೆಚ್ಚಿದಂತೆ ಬಗೆಗಳು ಇಮ್ಮಡಿಯಾಗುವವು. ಇವುಗಳನ್ನು ಬಿಡದೆ ಬರೆಯುವ ಕ್ರಮಕ್ಕೆ ಪ್ರಸ್ತಾರವೆಂದು ಹೆಸರು. ಪಿಂಗಲನು ಅದನ್ನು ಬಹು ಹಿಂದೆಯೇ ಸೂತ್ರಿಸಿದನು. ಅನುಷ್ಟುಪ್ಪಿನ ಒಂದು ಪಾದದಲ್ಲಿ ಎಂಟು ಅಕ್ಷರ. ಪ್ರಸ್ತಾರ ಮಾಡಿದರೆ ೨೫೬ ಬಗೆ. ಯಂತ್ರದವರೂ ಎಂಟು ಸೊನ್ನೆ-ಒಂದುಗಳ ಗುಂಪಿಗೆ ಬೈಟ್ ಎಂದು ಹೆಸರಿಟ್ಟು, ಅದರಿಂದ ೨೫೬ ಗುರುತುಗಳನ್ನು ಪಡೆಯುವರು. ಬಿಡಿ ಸೊನ್ನೆಗೆ ಅಥವಾ ಒಂದಕ್ಕೆ ಬಿಟ್ ಎನ್ನುವರು. ನನ್ನ ಹೆಸರು, ಖಾತೆಯ ಸಂಖ್ಯೆ, ಉಳಿದ ಹಣ ಇವೆಲ್ಲವೂ ಭಂಡಾರದಲ್ಲಿ ಇಂಥ ಲಘು-ಗುರುಗಳ ಉದ್ದವಾದ ಸಾಲುಗಳೇ.

ಸಂಕೋಚನ, ಅಂದರೆ ಮಡಿಸುವ ವಿದ್ಯೆ

ಕೋಟಿಗಟ್ಟಲೆ ಜನರ ಹತ್ತಾರು ವರುಷಗಳ ಲೆಕ್ಕವನ್ನು ಇದ್ದಂತೆಯೇ ಇಟ್ಟರೆ ಸ್ಥಳ ಸಾಲದು. ಒಂದೆಡೆಯಿಂದ ಇನ್ನೊಂದೆಡೆಗೆ ಕಳಿಸಲು ಸಮಯ ಸಾಲದು. ಆದುದರಿಂದ ಮಡಿಸಿ ಇಡುವರು. ಇದಕ್ಕೆ ಸಂಕೋಚನವೆನ್ನಬಹುದು.

ಶಾಲೆಯ ದಾಖಲೆಯ ವಹಿಯನ್ನು ಬರೆದವರಿಗೆ ಈ ವಿದ್ಯೆ ಗೊತ್ತೇ ಇರುವದು. ಮೊದಲನೆಯ ಹುಡುಗನ ಸಾಲಿನಲ್ಲಿ "ಕೆಲಗೇರಿ, ತಾಲೂಕು ಧಾರವಾಡ, ಜಿಲ್ಲೆ ಧಾರವಾಡ" ಎಂದು ಪೂರ್ತಿಯಾಗಿ ಬರೆದು, ಕೆಳಗಿನ ಸಾಲುಗಳಲ್ಲಿ ಬರಿಯ "ಸದರ" ಎಂದು ಬರೆಯುತ್ತಿದ್ದೆವು. ಓದುವವನು ಮೇಲಕ್ಕೆ ನೋಡಿ ತಿಳಿದುಕೊಳ್ಳುವನು, ಒಂದಕ್ಷರವೂ ನಷ್ಟವಾಗುವದಿಲ್ಲ. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ತಾನಾಗಿಯೇ ಹರಿದುಬರುವ ಅನುವೃತ್ತಿಯೂ ಇದೇ ಜಾತಿಯದು. 'ಅಚ್' ಎಂಬ ಒಂದು ಸಂಜ್ಞೆಯಿಂದ ಸ್ವರಗಳೆಲ್ಲವನ್ನೂ, 'ಹಲ್' ಎಂಬುದರಿಂದ ವ್ಯಂಜನಗಳೆಲ್ಲವನ್ನೂ ಹೇಳುವ ಪ್ರತ್ಯಾಹಾರವೂ ಹಾಗೆಯೇ. ಅರ್ಧ ಮಾತ್ರೆಯ ಉಳಿತಾಯವಾದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂತೋಷವೆಂಬ ಮಾತು ಪ್ರಸಿದ್ಧವಾಗಿರುವದಷ್ಟೆ.

ಇಸ್ರಾಯೇಲಿನ ಲೆಂಪೆಲ್ ಮತ್ತು ಝಿವ್ ಎಂಬ ಇಬ್ಬರು ವಿದ್ವಾಂಸರು ೧೯೭೭ರಲ್ಲಿ ಈ 'ಸದರ'ದ ಪದ್ಧತಿಯನ್ನು ಗಣಿತದ ರೂಪಕ್ಕೆ ತಂದರು. ಒಮ್ಮೆ ಬಂದ ಮಾತು ಮತ್ತೆ ಬಂದರೆ ಅದನ್ನು ಬರೆಯದೆ, 'ಇಷ್ಟು ಅಕ್ಷರ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ತೆಗೆದುಕೋ' ಎಂದು ಎರಡೇ ಸಂಖ್ಯೆಗಳಿಂದ ಸೂಚಿಸುವದು ಅದರ ಸಾರ. ಇದಕ್ಕೂ ಮೊದಲು ೧೯೫೨ರಲ್ಲಿ ಹಫ್‌ಮನ್ ಎಂಬ ಅಮೇರಿಕದವನು ಇನ್ನೊಂದು ಉಪಾಯವನ್ನು ಕಂಡುಹಿಡಿದಿದ್ದನು. ಮನೆಯಲ್ಲಿ ವೆಂಕಟರಾಘವೇಂದ್ರನೆಂದು ಹೆಸರಿಟ್ಟ ಕೂಸನ್ನು ದಿನಕ್ಕೆ ನೂರು ಸಲ ಕೂಗಬೇಕಾಗುವದರಿಂದ 'ವೆಂಕಿ' ಎಂದು ಕರೆಯುವೆವು. ವರುಷಕ್ಕೊಮ್ಮೆ ಬರುವ ಬೀಗರನ್ನು ಪೂರ್ತಿ ಹೆಸರಿನಿಂದ ಕರೆಯುವೆವು. ಹಾಗೆಯೇ ಹೆಚ್ಚು ಸಲ ಬರುವ ಅಕ್ಷರಕ್ಕೆ ಕಿರಿದಾದ ಗುರುತು, ಅಪರೂಪದ ಅಕ್ಷರಕ್ಕೆ ಉದ್ದವಾದ ಗುರುತು. ಈ ಎರಡು ಉಪಾಯಗಳನ್ನೂ ಕೂಡಿಸಿದ 'ಡಿಫ್ಲೇಟ್' ಎಂಬ ಪದ್ಧತಿಯೇ ಇಂದಿನ ಜಿಪ್ ಕಡತಗಳಲ್ಲಿಯೂ ಮೇನ್‌ಫ್ರೇಮಿನ ಸಂಕೋಚನಾಂಗದಲ್ಲಿಯೂ ನಡೆಯುತ್ತಿರುವದು.

ಇಲ್ಲಿ ನಮ್ಮ ನಾಡಿನವನೊಬ್ಬನನ್ನು ನೆನೆಯುವದು ಯೋಗ್ಯವಾಗಿದೆ. ನಾಸಿರ್ ಅಹಮದರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು, ೧೯೬೧ರಲ್ಲಿ ಪದವೀಧರರಾಗಿ ಅಮೇರಿಕಕ್ಕೆ ತೆರಳಿದರು. ಚಿತ್ರಗಳನ್ನು ಸಂಕೋಚಿಸುವ ಹೊಸ ಗಣಿತಮಾರ್ಗವೊಂದರ ಸಂಶೋಧನೆಗಾಗಿ ೧೯೭೨ರಲ್ಲಿ ಅವರು ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೇಳಿದರು, ಅದು ದೊರೆಯಲಿಲ್ಲ. ಅವರು ಎದೆಗುಂದದೆ ನಟರಾಜನ್ ಮತ್ತು ಕೆ. ಆರ್. ರಾವ್ ಎಂಬವರೊಡನೆ ಕೂಡಿ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಇಂದು ಮೊಮ್ಮಗಳ ಭಾವಚಿತ್ರವು ನಿಮಿಷದೊಳಗೆ ನಮ್ಮ ಕೈಗೆ ಬಂದು ಸೇರುವದಕ್ಕೆ ಕಾರಣವಾದ ಜೇಪೆಗ್ ಪದ್ಧತಿಯು ಈ ಗಣಿತದ ಮೇಲೆಯೇ ನಿಂತಿರುವದು.

ಆದರೆ ಚಿತ್ರದ ಸಂಕೋಚನಕ್ಕೂ ಲೆಕ್ಕದ ಸಂಕೋಚನಕ್ಕೂ ಒಂದು ದೊಡ್ಡ ಅಂತರವುಂಟು. ಚಿತ್ರದಲ್ಲಿ ಕಣ್ಣಿಗೆ ತಿಳಿಯದ ಸೂಕ್ಷ್ಮಗಳನ್ನು ಬಿಟ್ಟುಬಿಟ್ಟರೂ ನಡೆಯುವದು. ಅದು ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡಿದಂತೆ. ಆವಿಯಾಗಿ ಹೋದ ನೀರು ಮರಳಿ ಬಾರದು, ಬೇಕಾಗಿಯೂ ಇಲ್ಲ. ಲೆಕ್ಕದಲ್ಲಿ ಹಾಗಲ್ಲ. ಅದು ಇಲಕಲ್ಲ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ. ಬಿಚ್ಚಿದಾಗ ಒಂದು ನೂಲೂ ಕಡಿಮೆಯಾಗಿರಬಾರದು. ಒಂದು ಸೊನ್ನೆ ಕಳೆದರೆ ನಾಲ್ಕು ಸಾವಿರವು ನಾಲ್ಕು ನೂರಾದೀತು.

ಗೂಢಲಿಪಿ, ಅಂದರೆ ಬೀಗದ ವಿದ್ಯೆ

ಮಡಿಸಿದ ಮಾತ್ರಕ್ಕೆ ವಸ್ತು ಸುರಕ್ಷಿತವಾಗಲಿಲ್ಲ. ಮಡಿಸಿದ ಸೀರೆಯನ್ನು ಕಳ್ಳನೂ ಬಿಚ್ಚಬಲ್ಲನು. ಆದುದರಿಂದ ಬೀಗ ಬೇಕು. ಬರಹದ ಬೀಗಕ್ಕೆ ಗೂಢಲಿಪಿಯೆಂದು ಹೆಸರು. ವಾತ್ಸ್ಯಾಯನನು ಎಣಿಸಿದ ಅರವತ್ತುನಾಲ್ಕು ಕಲೆಗಳಲ್ಲಿ 'ಮ್ಲೇಚ್ಛಿತವಿಕಲ್ಪ'ವೆಂಬುದೊಂದು. ತಿಳಿದವರ ಹೊರತು ಇತರರಿಗೆ ಅರ್ಥವಾಗದಂತೆ ಮಾತನ್ನು ಮಾರ್ಪಡಿಸುವ ಕಲೆಯದು. ಪ್ರತಿಯೊಂದು ಅಕ್ಷರದ ಮುಂದೆ 'ಕ'ಕಾರವನ್ನು ಸೇರಿಸಿ ಹಿರಿಯರಿಗೆ ತಿಳಿಯದಂತೆ ಮಾತನಾಡುವ ಹುಡುಗರೂ ಈ ಕಲೆಯ ವಿದ್ಯಾರ್ಥಿಗಳೇ.

ಆದರೆ ಒಂದು ಅಕ್ಷರಕ್ಕೆ ಬದಲಾಗಿ ಯಾವಾಗಲೂ ಇನ್ನೊಂದೇ ಅಕ್ಷರವನ್ನು ಬರೆಯುವ ಬೀಗವು ಬಹಳ ದುರ್ಬಲ. ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚಾಗಿ ಬರುವವು, ಕೆಲವು ಕಡಿಮೆ. ಎಣಿಸಿ ನೋಡಿದರೆ ಗುಟ್ಟು ಹೊರಬೀಳುವದು. ಒಂಬತ್ತನೆಯ ಶತಮಾನದಲ್ಲಿಯೇ ಬಾಗದಾದಿನ ಅಲ್-ಕಿಂದಿ ಎಂಬ ಪಂಡಿತನು ಈ ಎಣಿಕೆಯ ವಿಧಾನವನ್ನು ಬರೆದಿಟ್ಟನು. ಆದಕಾರಣ ಒಳ್ಳೆಯ ಗೂಢಲಿಪಿಯ ಲಕ್ಷಣವೇನೆಂದರೆ, ಹೊರಗಿನಿಂದ ನೋಡಿದವನಿಗೆ ಅದರಲ್ಲಿ ಯಾವ ಕ್ರಮವೂ, ಯಾವ ಪುನರುಕ್ತಿಯೂ ಕಾಣಬಾರದು. ಚೆಲ್ಲಿದ ಸಾಸಿವೆಯಂತೆ ಇರಬೇಕು.

ಇನ್ನೊಂದು ತತ್ತ್ವವನ್ನು ಕೆರ್ಕ್‌ಹಾಫ್ ಎಂಬ ಪಂಡಿತನು ೧೮೮೩ರಲ್ಲಿ ಹೇಳಿದನು. ಬೀಗದ ರಚನೆಯು ಶತ್ರುವಿಗೆ ತಿಳಿದರೂ ಚಿಂತೆಯಿರಬಾರದು. ಕೀಲಿಕೈಯೊಂದು ಗುಟ್ಟಾಗಿದ್ದರೆ ಸಾಕಾಗಬೇಕು. ಇಂದಿನ ಬೀಗಗಳೆಲ್ಲ ಹಾಗೆಯೇ ಇರುವವು. ಅವುಗಳ ರಚನೆಯು ಜಗತ್ತಿಗೆಲ್ಲ ಪ್ರಕಟವಾಗಿದೆ. ಯಾರು ಬೇಕಾದರೂ ಓದಬಹುದು. ಗುಟ್ಟೆಲ್ಲವೂ ಕೀಲಿಕೈಯಲ್ಲಿ.

ಕೀಲಿಕೈ ಎಂದರೆ ಇಲ್ಲಿ ಒಂದು ದೊಡ್ಡ ಸಂಖ್ಯೆ. ಅಮೇರಿಕದ ಸರಕಾರವು ೧೯೭೭ರಲ್ಲಿ ಅಂಗೀಕರಿಸಿದ 'ಡೆಸ್' ಎಂಬ ಬೀಗಕ್ಕೆ ೫೬ ಬಿಟ್ಟುಗಳ ಕೀಲಿಕೈ. ಲಘು-ಗುರುಗಳ ಪ್ರಸ್ತಾರದಂತೆ ಲೆಕ್ಕ ಮಾಡಿದರೆ ಸುಮಾರು ೭೨ ಸಾವಿರ ಲಕ್ಷ ಕೋಟಿ ಕೀಲಿಕೈಗಳಾಗುವವು. ಆ ಕಾಲಕ್ಕೆ ಅದು ಸಾಕೆನಿಸಿತು. ೧೯೯೮ರಲ್ಲಿ ಇದಕ್ಕಾಗಿಯೇ ಕಟ್ಟಿದ ಯಂತ್ರವೊಂದು ಒಂದೊಂದೇ ಕೀಲಿಕೈಯನ್ನು ಹಚ್ಚಿನೋಡಿ, ೫೬ ತಾಸುಗಳಲ್ಲಿ ಸರಿಯಾದದ್ದನ್ನು ಹುಡುಕಿಬಿಟ್ಟಿತು. ಆಗ ಹೊಸ ಬೀಗಕ್ಕಾಗಿ ಜಗತ್ತಿನ ವಿದ್ವಾಂಸರ ನಡುವೆ ಸ್ಪರ್ಧೆ ನಡೆದು, ಬೆಲ್ಜಿಯಮ್ ದೇಶದ ಡಾಮನ್ ಮತ್ತು ರೈಮನ್ ಎಂಬ ಇಬ್ಬರು ತರುಣರ ರಚನೆ ಗೆದ್ದಿತು. ಅದಕ್ಕೆ ೨೦೦೧ರಲ್ಲಿ 'ಎಇಎಸ್' ಎಂಬ ಹೆಸರಿನಿಂದ ಮುದ್ರೆ ಬಿದ್ದಿತು. ಅದರ ದೊಡ್ಡ ಕೀಲಿಕೈಗೆ ೨೫೬ ಬಿಟ್ಟುಗಳು. ಅದರ ಬಗೆಗಳ ಸಂಖ್ಯೆಯನ್ನು ಬರೆಯಲು ೭೮ ಅಂಕೆಗಳು ಬೇಕು. ಒಂದೊಂದಾಗಿ ಹಚ್ಚಿನೋಡುವದು ಮನುಷ್ಯನಿಂದಾಗಲಿ ಅವನ ಯಂತ್ರಗಳಿಂದಾಗಲಿ ಆಗುವ ಕೆಲಸವಲ್ಲ.

ಮೊದಲು ಯಾವುದು?

ಮಡಿಸುವದು ಮತ್ತು ಬೀಗ ಹಾಕುವದು ಎರಡೂ ಬೇಕಾದರೆ ಯಾವುದನ್ನು ಮೊದಲು ಮಾಡಬೇಕು? ಅಳಿಯನು ಈ ಪ್ರಶ್ನೆಯನ್ನು ನನಗೇ ಹಾಕಿದನು. ಯಾವುದು ಮೊದಲಾದರೇನೆಂದು ನಾನು ಅಂದೆನು. ಅವನು ನಕ್ಕು, ಸ್ವಲ್ಪ ವಿಚಾರ ಮಾಡಿರೆಂದನು. ವಿಚಾರ ಮಾಡಿದಾಗ ಹೊಳೆಯಿತು. ಸಂಕೋಚನವು ಪುನರುಕ್ತಿಯನ್ನು ಹುಡುಕಿ 'ಸದರ' ಎಂದು ಬರೆಯುವ ಕೆಲಸ. ಗೂಢಲಿಪಿಯಾದರೋ ಪುನರುಕ್ತಿಯನ್ನೆಲ್ಲ ಅಳಿಸಿ ಸಾಸಿವೆ ಚೆಲ್ಲಿದಂತೆ ಮಾಡುವ ಕೆಲಸ. ಮೊದಲೇ ಬೀಗ ಹಾಕಿದರೆ ಮಡಿಸುವವನಿಗೆ ಮಡಿಕೆಯೇ ಸಿಕ್ಕದು. ಗಂಟು ಕಿರಿದಾಗುವದರ ಬದಲು ತುಸು ಹಿರಿದಾದರೂ ಆದೀತು. ಆದುದರಿಂದ ಮೊದಲು ಮಡಿಸಬೇಕು, ಆಮೇಲೆ ಬೀಗ ಹಾಕಬೇಕು. ತೆರೆಯುವಾಗ ಮೊದಲು ಬೀಗ ತೆಗೆದು ಆಮೇಲೆ ಬಿಚ್ಚಬೇಕು. ಮೇನ್‌ಫ್ರೇಮಿನಲ್ಲಿಯೂ ಇದೇ ಕ್ರಮ. ಇದರಿಂದ ಇನ್ನೊಂದು ಲಾಭವುಂಟು: ಗಂಟು ಅರ್ಧವಾದರೆ ಬೀಗ ಹಾಕುವ ಶ್ರಮವೂ ಅರ್ಧವಾಗುವದು.

ಈ ಕ್ರಮದಲ್ಲಿಯೂ ಒಂದು ಸೂಕ್ಷ್ಮವಾದ ಅಪಾಯವುಂಟೆಂದು ೨೦೧೨ರಲ್ಲಿ ರಿಜ್ಜೊ ಮತ್ತು ದುವಾಂಗ್ ಎಂಬ ಇಬ್ಬರು ಸಂಶೋಧಕರು ತೋರಿಸಿದರು. ಅದು ಅಂತರ್ಜಾಲದ ಪತ್ರವ್ಯವಹಾರಕ್ಕೆ ಸಂಬಂಧಿಸಿದ್ದು. ಗುಟ್ಟಿನ ಮಾತಿರುವ ಗಂಟಿನೊಳಗೆ ಕಳ್ಳನು ತನ್ನ ಊಹೆಯನ್ನೂ ಸೇರಿಸುವಂತಿದ್ದರೆ, ಊಹೆಯು ಗುಟ್ಟಿಗೆ ಸರಿಹೊಂದಿದಾಗ 'ಸದರ' ಬಿದ್ದು ಗಂಟು ತುಸು ಕಿರಿದಾಗುವದು. ಹೀಗೆ ಬೀಗವನ್ನು ಮುಟ್ಟದೆ, ಗಂಟಿನ ಗಾತ್ರವನ್ನಷ್ಟೇ ನೋಡಿ, ಗುಟ್ಟನ್ನು ಅಕ್ಷರಕ್ಕೊಂದಾಗಿ ಹೆಕ್ಕಬಹುದು. ಇದು ತಿಳಿದ ಮೇಲೆ ಆ ಸ್ಥಳದ ಸಂಕೋಚನವನ್ನು ನಿಲ್ಲಿಸಿಬಿಟ್ಟರು. ಪರರನ್ನು ಪೆಟ್ಟಿಗೆಯ ಹತ್ತಿರಕ್ಕೆ ಬಿಟ್ಟುಕೊಂಡರೆ ಬೀಗವೊಂದೇ ಕಾಯಲಾರದೆಂಬ ಪಾಠವಿದು.

ಓದಿ ಮಾಡುವದು ಮತ್ತು ಗಿರಣಿಗೆ ಹಾಕುವದು

ಈ ಎರಡು ಕೆಲಸಗಳನ್ನು ಯಂತ್ರವು ಎರಡು ರೀತಿಯಿಂದ ಮಾಡಬಲ್ಲದು. ಮೊದಲನೆಯದು, ಅಪ್ಪಣೆಗಳ ಪಟ್ಟಿಯನ್ನು ಒಂದೊಂದಾಗಿ ಓದಿ ಅದರಂತೆ ಮಾಡುವದು; ಇದಕ್ಕೆ ಸಾಫ್ಟ್‌ವೇರ್ ಎನ್ನುವರು. ಎರಡನೆಯದು, ಅದೊಂದೇ ಕೆಲಸಕ್ಕಾಗಿ ಚಿಪ್ಪಿನೊಳಗೆ ವಿದ್ಯುತ್ತಿನ ದಾರಿಗಳನ್ನು ಕಟ್ಟಿಬಿಡುವದು, ಇದು ಹಾರ್ಡ್‌ವೇರ್. ಬೀಸುವ ಕಲ್ಲಿನ ಮುಂದೆ ಕುಳಿತು ಬೀಸುವದಕ್ಕೂ ಗಿರಣಿಗೆ ಹಾಕಿಸಿ ತರುವದಕ್ಕೂ ಇರುವಷ್ಟು ಅಂತರ ಇವೆರಡಕ್ಕೂ ಉಂಟು. ಗಿರಣಿಯು ರೊಟ್ಟಿ ಬಡಿಯಲಾರದು. ಆದರೆ ಬೀಸುವದರಲ್ಲಿ ಅದನ್ನು ಮೀರಿಸುವವರಿಲ್ಲ. ಮೇಲಾಗಿ, ಮನೆಯವಳ ಕೈ ಬೇರೆ ಕೆಲಸಕ್ಕೆ ಬಿಡುವಾಗುವದು.

ಮೇನ್‌ಫ್ರೇಮಿನಲ್ಲಿ ಈ ಗಿರಣಿಗಳು ಕ್ರಮವಾಗಿ ಬಂದಿರುವವು. ೧೯೯೦ರ ದಶಕದಲ್ಲಿಯೇ ಸಂಕೋಚನಕ್ಕಾಗಿ ಒಂದು ಪ್ರತ್ಯೇಕ ಅಪ್ಪಣೆಯನ್ನು ಯಂತ್ರದ ಅಂಗದಲ್ಲಿ ಕೂಡಿಸಿದರು. ೨೦೦೩ರ ಯಂತ್ರದಿಂದ ಮೊದಲುಗೊಂಡು ಪ್ರತಿಯೊಂದು ಪ್ರೊಸೆಸರಿನ ಜೊತೆಗೆ ಗೂಢಲಿಪಿಯ ಅಂಗವೊಂದನ್ನು ಇಟ್ಟರು. ೨೦೧೩ರಲ್ಲಿ ಡಿಫ್ಲೇಟ್ ಪದ್ಧತಿಯ ಸಂಕೋಚನಕ್ಕಾಗಿ ಬೇರೊಂದು ಕಾರ್ಡನ್ನು ಒದಗಿಸಿದರು. ೨೦೧೯ರ 'ಝಡ್ ೧೫' ಯಂತ್ರದಲ್ಲಿ ಆ ಕಾರ್ಡಿನ ಕೆಲಸವನ್ನು ಚಿಪ್ಪಿನೊಳಕ್ಕೇ ತಂದರು.

ಈ ವೇಗದಿಂದ ಗೃಹಸ್ಥನಿಗೇನು ಲಾಭವೆಂದು ವಾಚಕರು ಕೇಳಬಹುದು. ಬೀಗ ಹಾಕುವ ಕೆಲಸವು ದುಬಾರಿಯಾಗಿದ್ದಾಗ, ಗುಪ್ತಸಂಖ್ಯೆಯಂಥ ಮುಖ್ಯವಾದದ್ದಕ್ಕೆ ಮಾತ್ರ ಬೀಗ ಹಾಕಿ ಉಳಿದದ್ದನ್ನು ತೆರೆದಿಡುವ ರೂಢಿಯಿತ್ತು. ತಲಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರೆದದ್ದು! ಬೀಗದ ಖರ್ಚು ತೀರ ಕಡಿಮೆಯಾದ ಮೇಲೆ, ೨೦೧೭ರ 'ಝಡ್ ೧೪' ಯಂತ್ರದ ಕಾಲಕ್ಕೆ, ಆಯ್ದು ಬೀಗ ಹಾಕುವದನ್ನು ಬಿಟ್ಟು ಎಲ್ಲ ಲೆಕ್ಕಕ್ಕೂ ಬೀಗ ಹಾಕಿಬಿಡುವ ಪದ್ಧತಿಯನ್ನು ಮುಂದಿಟ್ಟರು. ಭಂಡಾರದ ತಟ್ಟೆಯನ್ನೇ ಯಾರಾದರೂ ಕದ್ದೊಯ್ದರೂ ಅವನ ಕೈಗೆ ಸಿಗುವದು ಚೆಲ್ಲಿದ ಸಾಸಿವೆ ಮಾತ್ರ.

ಕೀಲಿಕೈಯನ್ನು ಕಾಯುವ ಪೆಟ್ಟಿಗೆ

ಹಾಗಾದರೆ ಆ ಕೀಲಿಕೈಯನ್ನು ಯಂತ್ರವು ಎಲ್ಲಿ ಇಡುವದು? ಅದಕ್ಕಾಗಿ ಒಂದು ಚಿಕ್ಕ ಭದ್ರವಾದ ಪೆಟ್ಟಿಗೆಯುಂಟು. ಅದರ ಸುತ್ತಲೂ ನೂಲಿನಂಥ ತಂತಿಗಳ ಬಲೆಯನ್ನು ನೇಯ್ದಿರುವರು. ಯಾರಾದರೂ ಅದಕ್ಕೆ ತೂತು ಕೊರೆಯಹೋದರೆ, ಅತಿಯಾಗಿ ತಣಿಸಿದರೆ, ವಿದ್ಯುತ್ತಿನ ಒತ್ತಡವನ್ನು ಏರುಪೇರು ಮಾಡಿದರೆ, ಪೆಟ್ಟಿಗೆಯು ತನ್ನೊಳಗಿನ ಮೂಲ ಕೀಲಿಕೈಯನ್ನು ಆ ಕ್ಷಣವೇ ಅಳಿಸಿಹಾಕುವದು. ಮೂಲ ಕೀಲಿಕೈ ಪೆಟ್ಟಿಗೆಯಿಂದ ಹೊರಗೆ ಬರುವದೇ ಇಲ್ಲ. ಉಳಿದ ಕೀಲಿಕೈಗಳಿಗೆ ಅದರಿಂದಲೇ ಬೀಗ ಹಾಕಿ ಹೊರಗೆ ಕೊಡುವರು. ಎಟಿಎಮ್ ಯಂತ್ರದಲ್ಲಿ ನಾವು ಒತ್ತುವ ಗುಪ್ತಸಂಖ್ಯೆಯ ಪರೀಕ್ಷೆಯು ಬ್ಯಾಂಕುಗಳಲ್ಲಿ ಇಂಥ ಪೆಟ್ಟಿಗೆಯೊಳಗೇ ನಡೆಯುವದು. ಬ್ಯಾಂಕಿನ ನೌಕರನಿಗೂ ಅದು ಕಾಣುವದಿಲ್ಲ. ಅಂದಮೇಲೆ ದೂರವಾಣಿಯಲ್ಲಿ ಆ ಸಂಖ್ಯೆಯನ್ನು ಕೇಳುವವನು ಬ್ಯಾಂಕಿನವನಾಗಿರಲಾರನು.

ಕೀಲಿಕೈ ಕಳೆದರೆ ಒಡೆಯನಿಗೂ ಪೆಟ್ಟಿಗೆ ತೆರೆಯದೆಂಬದು ಈ ವಿದ್ಯೆಯ ಇನ್ನೊಂದು ಮಗ್ಗುಲು. ಇದಕ್ಕೆ ನಮ್ಮ ಕನ್ನಡದಲ್ಲಿಯೇ ಒಂದು ನಿದರ್ಶನವುಂಟು. ಕುಮುದೇಂದು ಮುನಿಯ 'ಸಿರಿಭೂವಲಯ'ದಲ್ಲಿ ಅಕ್ಷರಗಳೇ ಇಲ್ಲ. ಒಂದರಿಂದ ೬೪ರ ವರೆಗಿನ ಅಂಕೆಗಳು, ೨೭ ಅಡ್ಡಸಾಲು ೨೭ ನೀಟಸಾಲು ಕೂಡಿದ ೭೨೯ ಮನೆಗಳ ಚಕ್ರಗಳಲ್ಲಿ ತುಂಬಿರುವವು. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ಬಂಧದ ಕ್ರಮವನ್ನು ತಿಳಿದವನಿಗೆ ಮಾತ್ರ ಆ ಅಂಕೆಗಳು ಅಕ್ಷರಗಳಾಗಿ, ಅಕ್ಷರಗಳು ಸಾಂಗತ್ಯಗಳಾಗಿ ಕಾಣುವವು. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ, ಕೆ. ಅನಂತಸುಬ್ಬರಾವ್ ಇವರ ಶ್ರಮದಿಂದ ೧೯೫೩ರಲ್ಲಿ ಅದರ ಮೊದಲ ಭಾಗವು ಅಚ್ಚಾಯಿತು. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ; ಚಕ್ರಗಳೆಲ್ಲ ಇನ್ನೂ ಬಿಡಿಸಲ್ಪಟ್ಟಿಲ್ಲ. ಬರಹವು ಕಣ್ಣೆದುರಿಗೇ ಇದ್ದರೂ ಬಂಧವನ್ನು ಅರಿಯದೆ ಓದಲು ಬಾರದು. ಕೀಲಿಕೈಯನ್ನು ಪರರಿಗೆ ಕೊಡುವದು ಎಷ್ಟು ಅನರ್ಥವೋ, ಮನೆಯವರಾರಿಗೂ ತಿಳಿಯದಂತೆ ಕಳೆದುಕೊಳ್ಳುವದೂ ಅಷ್ಟೇ ಅನರ್ಥ.

ಗೃಹಸ್ಥನ ಪಾಲಿನ ಕೆಲಸ

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಸಿಟ್ಟು ಇಳಿದು ನಾಚಿಕೆ ಉಳಿಯಿತು. ೭೮ ಅಂಕೆಗಳ ಲೆಕ್ಕದ ಬೀಗವನ್ನು ಯಾರೂ ಮುಟ್ಟಿರಲಿಲ್ಲ. ನಾನು ಓದಿ ಹೇಳಿದ್ದು ಆರು ಅಂಕೆಗಳ ಕೀಲಿಕೈ. ಹತ್ತು ಲಕ್ಷ ಬಗೆಗಳಲ್ಲಿ ಒಂ��ು. ಕೆಲವೇ ನಿಮಿಷ ಬಾಳುವದರಿಂದಲೂ, ಎರಡು ಮೂರು ಸಲ ತಪ್ಪಿದರೆ ಯಂತ್ರವು ನಿಲ್ಲಿಸಿಬಿಡುವದರಿಂದಲೂ ಅಷ್ಟು ಚಿಕ್ಕದಾದ ಕೀಲಿಕೈಯಿಂದ ಕೆಲಸ ನಡೆಯುವದು. ಅದನ್ನು ಒಡೆಯನೇ ಹೇಳಿಬಿಟ್ಟರೆ ಯಂತ್ರವೇನು ಮಾಡೀತು? ನಾನು ಹೇಳಿದೆನೋ, ಕಳ್ಳನು ಹೇಳಿದನೋ, ಅದಕ್ಕೆ ತಿಳಿಯದು.

ಕಾಯದೆಯೂ ಹೀಗೆಯೇ ನೋಡುವದು. ರಿಜರ್ವ್ ಬ್ಯಾಂಕು ೨೦೧೭ರ ಜುಲೈ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕನಿಗೆ ಹೊಣೆಯಿಲ್ಲವೆಂದೂ, ಇಬ್ಬರದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊಣೆಯಿಲ್ಲವೆಂದೂ, ಗ್ರಾಹಕನು ತಾನಾಗಿ ಗುಪ್ತಸಂಖ್ಯೆಯನ್ನು ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ವರೆಗಿನ ನಷ್ಟವು ಅವನದೇ ಎಂದೂ ಹೇಳಿತ್ತು. ನನ್ನ ಸೊಸೆಯು ಬುದ್ಧಿವಂತೆ. ಅಂದು ನಾನು ತಲೆಯ ಮೇಲೆ ಕೈಹೊತ್ತು ಕುಳಿತಾಗ ಅವಳು ಕೂಡಲೇ ೧೯೩೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರು ಬರೆಸಿದಳು. ಅದು ಇಂಥ ಮೋಸಗಳಿಗಾಗಿಯೇ ಸರಕಾರವು ತೆರೆದ ಸಹಾಯವಾಣಿ. ಹಣವು ಕೈಯಿಂದ ಕೈಗೆ ಓಡುವ ಮೊದಲೇ ಅದನ್ನು ತಡೆಯುವ ಯತ್ನವನ್ನು ಅವರು ಮಾಡುವರು. ನನ್ನ ಹಣದಲ್ಲಿ ಅರ್ಧಕ್ಕಿಂತ ಕಡಿಮೆಯಾದ ಒಂದು ಭಾಗವು ಹಾಗೆ ನಿಂತು, ಕೆಲವು ತಿಂಗಳುಗಳ ಮೇಲೆ ಮರಳಿ ಬಂದಿತು. ಉಳಿದದ್ದು ಗುರುದಕ್ಷಿಣೆಯೆಂದುಕೊಂಡಿರುವೆನು.

ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ. ಆರು ಅಂಕೆಗಳನ್ನಾಗಲಿ ಗುಪ್ತಸಂಖ್ಯೆಯನ್ನಾಗಲಿ ಯಾರು ಕೇಳಿದರೂ ಹೇಳಬಾರದು. ಅವಸರ ಮಾಡುವವನಿಗಂತೂ ಹೇಳಲೇಬಾರದು. ಸಂದೇಹ ಬಂದರೆ ದೂರವಾಣಿಯನ್ನು ಕೆಳಗಿಟ್ಟು, ಕಾಲ್ನಡಿಗೆಯಿಂದ ಬ್ಯಾಂಕಿಗೆ ಹೋಗಿ ಕೇಳಬೇಕು. ಮೋಸವಾದರೆ ನಾಚಿಕೆಯಿಂದ ಬಚ್ಚಿಡದೆ ಆ ಗಳಿಗೆಯಲ್ಲೇ ಬ್ಯಾಂಕಿಗೂ ೧೯೩೦ಕ್ಕೂ ತಿಳಿಸಬೇಕು. ಪ್ರತಿಯೊಂದು ಖಾತೆಗೂ ವಾರಸುದಾರನ ಹೆಸರನ್ನು ಬರೆಸಿ, ಯಾವ ಯಾವ ಬ್ಯಾಂಕಿನಲ್ಲಿ ಏನೇನು ಉಂಟೆಂಬ ಪಟ್ಟಿಯನ್ನು, ಗುಪ್ತಸಂಖ್ಯೆಗಳನ್ನು ಬರೆಯದೆ, ಮನೆಯವಳ ಕೈಗೆ ಕೊಟ್ಟಿರಬೇಕು. ನಾವಿಲ್ಲದ ದಿನ ಅವಳಿಗೆ ನಮ್ಮ ಲೆಕ್ಕವು ಸಿರಿಭೂವಲಯವಾಗಬಾರದು.

ನಮ್ಮ ಊರಿಗೆ ಹತ್ತಿರದ ಚಿಕ್ಕಮಲ್ಲಿಗವಾಡದಲ್ಲಿ ಐಐಟಿಯ ಹೊಸ ಕಟ್ಟಡಗಳು ೨೦೨೩ರಲ್ಲಿ ತೆರೆದವು. ಅಲ್ಲಿ ಕಲಿಯುವ ಮಕ್ಕಳು ಮುಂದೆ ಇನ್ನೂ ಗಟ್ಟಿಯಾದ ಬೀಗಗಳನ್ನು ಮಾಡಬಹುದು, ಮಾಡಲಿ. ಆದರೆ ಎಷ್ಟೇ ಗಟ್ಟಿಯಾದ ಬೀಗಕ್ಕೂ ಒಂದು ಕೀಲಿಕೈ ಇರಲೇಬೇಕು, ಮತ್ತು ಅದು ಯಾರಾದರೊಬ್ಬರ ಕೈಯಲ್ಲಿ ಇರಲೇಬೇಕು. ನಮ್ಮ ಅಜ್ಜಿ ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಅಪರಿಚಿತನ ಕೈಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಅವಳಿಗೆ ಓದು ಬಾರದಿತ್ತು. ನಾನು ಓದಬಲ್ಲವನಾದುದರಿಂದಲೇ ಓದಿ ಹೇಳಿ ಕೆಟ್ಟೆನು. ಈಗ ದೂರವಾಣಿ ಬಾರಿಸಿದಾಗಲೆಲ್ಲ ಅವಳ ನೆನಪು ಬರುವದು.